ಮನೆಯವರು ಮೂರು ತಿಂಗಳಿಂದ ಸರಿಯಾಗಿ ಮಾತಾಡುತ್ತಿಲ್ಲ. ದಾವಣಗೆರೆಯಲ್ಲಿ ಯಾರ ಹತ್ತಿರ ಹೋಗಬೇಕು?

ಕುಂದವಾಡ ಕೆರೆ · ಭಾನುವಾರ ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ಹೆಸರು ಹೇಳುವುದಿಲ್ಲ, ಬೇಜಾರು ಮಾಡ್ಕೋಬೇಡಿ. ದಾವಣಗೆರೆಯಲ್ಲೇ ಮನೆ. ನಾನು, ಮನೆಯವರು, ಅತ್ತೆ, ಇಬ್ಬರು ಮಕ್ಕಳು. ಮನೆಯವರು ಸ್ನೇಹಿತರೊಬ್ಬರ ಜೊತೆ ಪಾಲಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಇಟ್ಟಿದ್ದರು. ಯುಗಾದಿ ಹೊತ್ತಿಗೆ ಲೆಕ್ಕ ನೋಡಿದರೆ ದುಡ್ಡೇ ಇಲ್ಲ. ಪಾಲುದಾರರು ಫೋನ್ ಎತ್ತುತ್ತಿಲ್ಲ. ಸಾಲ ಮಾತ್ರ ನಮ್ಮ ಹೆಸರಲ್ಲಿ ಉಳಿಯಿತು.

ಮೊದಲು ಒಂದು ತಿಂಗಳು ಓಡಾಡಿದರು, ಕೂಗಾಡಿದರು. ಆಮೇಲೆ ತಣ್ಣಗಾದರು. ಈ ತಣ್ಣಗಾಗಿರುವುದೇ ನನಗೆ ಭಯ. ಬೆಳಗಿನ ಜಾವ ಮೂರಕ್ಕೇ ಎದ್ದು ಹೊರಗಿನ ಮೆಟ್ಟಿಲ ಮೇಲೆ ಕೂರುತ್ತಾರೆ. ಸ್ನಾನ ಮಾಡಿ ಅಂದರೆ "ಹೂಂ" ಅನ್ನುತ್ತಾರೆ, ಏಳುವುದಿಲ್ಲ. ಮೊನ್ನೆ ಶನಿವಾರ ಸಂಜೆ ಅವರಿಗೆ ಇಷ್ಟ ಅಂತ ಮಂಡಕ್ಕಿ ಕಲಸಿ, ಬಿಸಿ ಮಿರ್ಚಿ ಕರಿದು ಕೊಟ್ಟೆ. ನಮ್ಮೂರಲ್ಲಿ ಮಂಡಕ್ಕಿ ಮಿರ್ಚಿ ಬೇಡ ಅನ್ನುವವರು ಯಾರಿದ್ದಾರೆ ಹೇಳಿ. ಒಂದು ಗಂಟೆ ಬಿಟ್ಟು ಬಂದು ನೋಡಿದರೆ ತಟ್ಟೆ ಹಾಗೇ ತೊಡೆಯ ಮೇಲಿತ್ತು. ಮಂಡಕ್ಕಿ ಮೆತ್ತಗಾಗಿತ್ತು. ಮಿರ್ಚಿಯ ಎಣ್ಣೆ ಇಳಿದು ತಟ್ಟೆಯ ಅಂಚಿಗೆ ಬಂದು ನಿಂತಿತ್ತು. ಅವರ ಕಣ್ಣು ಎಲ್ಲೋ ಇತ್ತು.

ಅತ್ತೆ "ಗಾಳಿ ಸೋಕಿದೆ" ಅಂತ ಎರಡು ಕಡೆ ಕರೆದುಕೊಂಡು ಹೋಗಿ ತಾಯತ ಕಟ್ಟಿಸಿದರು. ನಮ್ಮ ಅಣ್ಣ "ಮಕ್ಕಳನ್ನ ಕರ್ಕೊಂಡು ಸುಮ್ನೆ ಮನೆಗೆ ಬಂದುಬಿಡು" ಅನ್ನುತ್ತಾನೆ. ಮಾವನ ಕಡೆಯ ಹಿರಿಯರು ಬಂದು ಕೂತು, ಕಾಫಿ ಕುಡಿದು, "ಗಂಡ ಹೆಂಡತಿ ಹೊಂದಿಕೊಂಡು ಹೋಗಿ" ಅಂತ ಹೇಳಿ ಎದ್ದು ಹೋದರು. ನಾವು ಜಗಳವೇ ಆಡಿಲ್ಲ. ಒಂದು ಕ್ಲಿನಿಕ್‌ಗೂ ಹೋಗಿದ್ದೆವು. ಎರಡೇ ನಿಮಿಷ ನೋಡಿ ನಿದ್ದೆಗೆ ಮಾತ್ರೆ ಬರೆದರು. ಏನಾಗಿದೆ ಅಂತ ಹೇಳಲಿಲ್ಲ. ಎರಡು ದಿನ ಮಂಪರಲ್ಲಿ ಬಿದ್ದಿದ್ದರು. ಮೂರನೇ ದಿನ ಮಾತ್ರೆ ಎಸೆದರು.

ಎಲ್ಲಿಂದ ಶುರು ಮಾಡಲಿ? ಡಾಕ್ಟರಾ, ಕೌನ್ಸೆಲಿಂಗಾ, ವಕೀಲರಾ? ಇನ್ನೊಂದು ಮಾತು, ಹೇಳೋಕೆ ನಾಚಿಕೆ ಆಗುತ್ತೆ. ನಾನೂ ಮೊದಲಿನ ಹಾಗಿಲ್ಲ. ಮಕ್ಕಳ ಮೇಲೆ ಸುಮ್ಸುಮ್ನೆ ರೇಗುತ್ತೇನೆ. ಆಮೇಲೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತೇನೆ.

ನಿವೃತ್ತ ಮೇಷ್ಟ್ರು, ವಿದ್ಯಾನಗರ · ಸೋಮವಾರ ಬೆಳಿಗ್ಗೆ 5:50

ಅಮ್ಮಾ, ಬರೆದಿದ್ದು ಒಳ್ಳೆಯದಾಯಿತು. ಏನು ಅಂತ ಡಾಕ್ಟರು ನೋಡಿಯೇ ಹೇಳಬೇಕು. ಆದರೆ ನೀವು ಬರೆದ ಒಂದೊಂದು ಸಾಲೂ ನನಗೆ ಪರಿಚಯದ್ದು. 2011ರಲ್ಲಿ ನನ್ನ ಹೆಂಡತಿಗೆ ಹೀಗೇ ಆಗಿತ್ತು. ಬೆಳಗಿನ ಜಾವ ಎಚ್ಚರ, ಊಟ ಸೇರದು, ಮೊದಲು ಇಷ್ಟವಾಗಿದ್ದು ಯಾವುದೂ ಬೇಡ. ಇಂಥದ್ದು ಎರಡು ವಾರ ಬಿಡದೆ ಇದ್ದರೆ ಖಿನ್ನತೆ ಇರಬಹುದಾ ಅಂತ ತೋರಿಸಿಕೊಳ್ಳಬೇಕು. ನಿಮ್ಮಲ್ಲಿ ತಿಂಗಳುಗಳೇ ಆಗಿವೆ.

ಎಲ್ಲಕ್ಕಿಂತ ಮುಂಚೆ ಒಂದು ಕೆಲಸ ಮಾಡಿ. ಅವರನ್ನು ನೇರವಾಗಿ ಕೇಳಿ: "ಬದುಕೋದೇ ಬೇಡ ಅನ್ನಿಸ್ತಾ ಇದೆಯಾ?" ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತೆ ಅಂತ ನಾನೂ ಹೆದರಿದ್ದೆ. ಹಾಗಾಗುವುದಿಲ್ಲ. ನಾನು ಕೇಳಿದಾಗ ನನ್ನಾಕೆ ತುಂಬಾ ಹೊತ್ತು ಅತ್ತಳು. ಆಮೇಲೆ "ಯಾರಾದ್ರೂ ಕೇಳ್ಲಿ ಅಂತ ಕಾಯ್ತಿದ್ದೆ" ಅಂದಳು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ. ಅದೇ ದಿನ ಆಸ್ಪತ್ರೆಗೆ ಹೊರಡಿ. ಕೈಮೀರುತ್ತಿದೆ ಅನ್ನಿಸಿದರೆ 112. ಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧಿ, ಹಳೇ ಮಾತ್ರೆ ಇದ್ದರೆ ಅವರು ಏನೇ ಹೇಳಲಿ, ಇವತ್ತೇ ಬೇರೆಯವರ ಮನೆಗೆ ಸಾಗಿಸಿ.

ಫೋನಿನಿಂದ ಶುರು ಮಾಡಬಹುದು. 14416, ಟೆಲಿ ಮಾನಸ್, ಮನಸ್ಸಿನ ಕಷ್ಟಕ್ಕೆ ಅಂತ ಸರ್ಕಾರ ಇಟ್ಟಿರುವ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ಮುಖ್ಯ ಕೇಂದ್ರ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆ ನಂಬರ್ ಸಿಗದಿದ್ದರೆ 1800 891 4416. ಕಾಯಿಲೆ ಇದ್ದವರೇ ಮಾಡಬೇಕು ಅಂತೇನಿಲ್ಲ. ನೀವೇ ಮಾಡಿ. ನಿಮ್ಮ ಬಚ್ಚಲಿನ ಅಳುವನ್ನೂ ಹೇಳಿ.

ಜಗಳೂರು ಬೆದ್ದಲು · ಸೋಮವಾರ ಬೆಳಿಗ್ಗೆ 7:15

ತಪ್ಪು ತಿಳ್ಕೋಬೇಡಿ ತಂಗಿ. ಮಾತ್ರೆಗೆ ಬಿದ್ದರೆ ಅದೇ ಚಟ ಆಗುತ್ತೆ ಅಂತಾರೆ. ನಮ್ಮ ಕಡೆ ಮೂರು ವರ್ಷ ಮಳೆ ಕೈಕೊಟ್ಟಾಗಲೂ ನಾವು ಹೀಗೆ ಮಲಗಲಿಲ್ಲ. ಮಲಗಿದ್ದರೆ ಮನೆ ನಡೀತಿರಲಿಲ್ಲ. ಅವರನ್ನ ಏನಾದರೂ ಕೆಲಸಕ್ಕೆ ಹಚ್ಚಿ. ಕೈಗೆ ಕೆಲಸ ಬಂದರೆ ತಲೆ ತಾನಾಗೇ ಸರಿಹೋಗುತ್ತೆ.

ಹೊಳಲ್ಕೆರೆ ಹುಡುಗ · ಸೋಮವಾರ ಬೆಳಿಗ್ಗೆ 9:30

ಅಣ್ಣಾ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಬೋರಿನಲ್ಲಿ ನೀರು ಇಳಿದುಹೋದ ಮೇಲೆ ಮೋಟಾರ್ ಹಾಕಿದರೆ ಏನಾಗುತ್ತೆ? ಮೋಟಾರೇ ಸುಡುತ್ತೆ, ಅಲ್ವಾ? ನನಗೆ ಎರಡು ವರ್ಷದ ಹಿಂದೆ ಹಾಗಾಗಿತ್ತು. ದುರ್ಗದಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುತ್ತಿದ್ದೆ. ಓದು ತಲೆಗೆ ಹತ್ತುತ್ತಿರಲಿಲ್ಲ. ಎಲ್ಲರೂ "ಮನಸ್ಸು ಗಟ್ಟಿ ಮಾಡ್ಕೋ" ಅಂದರು. ಗಟ್ಟಿ ಮಾಡಿಕೊಳ್ಳಬೇಕಾದ ಆ ಮನಸ್ಸಿಗೇ ಹುಷಾರಿಲ್ಲ ಅಂತ ಹೇಗೆ ಹೇಳಲಿ? ಒಗೆದ ಬಟ್ಟೆ ಬಕೆಟ್‌ನಲ್ಲೇ ವಾಸನೆ ಬರುತ್ತಿತ್ತು. ಹಿಂಡಿ ಒಣಗಹಾಕಲು ಕೈ ಏಳುತ್ತಿರಲಿಲ್ಲ. ಸೋಮಾರಿತನ ಅಂತ ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ.

ಅಕ್ಕಾ, ನನಗೆ ಮೊದಲೇ ಯಾರಾದರೂ ಹೇಳಬೇಕಿತ್ತು ಅನ್ನಿಸಿದ್ದನ್ನು ಹೇಳುತ್ತೇನೆ. ಮನೋವೈದ್ಯರು ಅಂದರೆ ಎಂಬಿಬಿಎಸ್ ಮುಗಿಸಿ ಮನಸ್ಸಿನ ಕಾಯಿಲೆಗೆ ಮತ್ತೆ ಓದಿದ ಡಾಕ್ಟರು. ಮಾತ್ರೆ ಬರೆಯುವವರು ಅವರು. ಆಪ್ತಸಮಾಲೋಚಕರು ಮಾತಿನ ಮೂಲಕ ಸಹಾಯ ಮಾಡುತ್ತಾರೆ, ಮಾತ್ರೆ ಬರೆಯುವುದಿಲ್ಲ. ನಿಮ್ಮವರ ಸ್ಥಿತಿಗೆ ಮೊದಲು ಮನೋವೈದ್ಯರು ನೋಡಲಿ. ನನಗೆ ಥೈರಾಯ್ಡ್, ರಕ್ತದ ಅಂಶ, ಬಿ12 ಎಲ್ಲಾ ಪರೀಕ್ಷೆ ಮಾಡಿಸಿದರು. ಅವು ಕಡಿಮೆ ಇದ್ದರೂ ಸುಸ್ತು, ಬೇಜಾರು ಬರುತ್ತಂತೆ.

ಖಿನ್ನತೆಯ ಮಾತ್ರೆ ತಲೆನೋವಿನ ಮಾತ್ರೆಯ ಹಾಗೆ ಅಲ್ಲ. ಕೆಲಸ ಶುರು ಮಾಡೋಕೆ ಎರಡರಿಂದ ನಾಲ್ಕು ವಾರ ಬೇಕು. ನನಗೆ ಮೊದಲ ವಾರ ಹೊಟ್ಟೆ ತೊಳಸುವುದು ಬಿಟ್ಟರೆ ಬೇರೇನೂ ಆಗಲಿಲ್ಲ. ಬಿಡೋಣ ಅಂತಿದ್ದೆ. ಫೋನ್ ಮಾಡಿ ಕೇಳಿದ್ದಕ್ಕೆ "ಊಟ ಆದ ಮೇಲೆ ತಗೊಳ್ಳಿ, ಇನ್ನೊಂದು ವಾರ ನೋಡಿ" ಅಂದರು. ಮೂರನೇ ವಾರ ಒಂದು ದಿನ ಬೆಳಿಗ್ಗೆ ಪಕ್ಕದ ಮನೆಯ ಒಗ್ಗರಣೆ ವಾಸನೆ ಬಂದು ಹೊಟ್ಟೆ ಹಸಿಯಿತು. ಹಸಿವು ಅಂದರೆ ಹೀಗಿರುತ್ತೆ ಅಂತಲೇ ಮರೆತಿದ್ದೆ.

ಚಟ ಆಗುವ ಭಯ ನನಗೂ ಇತ್ತು. ಖಿನ್ನತೆಯ ಮಾತ್ರೆ ಹೆಂಡದ ಹಾಗೆ ಚಟ ಹಿಡಿಸುವುದಿಲ್ಲ. ಆದರೆ ಥಟ್ಟನೆ ಬಿಡಬಾರದು, ಡಾಕ್ಟರು ಹೇಳಿದ ಹಾಗೆ ನಿಧಾನಕ್ಕೆ ಇಳಿಸಬೇಕು. ಹುಷಾರಾದ ಮೇಲೂ ಕೆಲವು ತಿಂಗಳು ಮುಂದುವರಿಸಬೇಕು. ಕೆಲವು ನಿದ್ದೆ ಮಾತ್ರೆಗಳು ಬೇರೆ, ಅವು ಅಭ್ಯಾಸ ಆಗಬಹುದು. ಎರಡನ್ನೂ ಒಂದೇ ಅಂದುಕೊಳ್ಳುವುದರಿಂದಲೇ ಈ ಭಯ ಬಂದಿರುವುದು. ಅಕ್ಕಾ, ಎಸೆದ ಮಾತ್ರೆಯ ಹೆಸರು ನೆನಪಿದ್ದರೆ, ಚೀಟಿ ಇದ್ದರೆ, ಹೊಸ ಡಾಕ್ಟರಿಗೆ ತೋರಿಸಿ.

ಚನ್ನಗಿರಿ ಆಶಾ · ಸೋಮವಾರ ಮಧ್ಯಾಹ್ನ 2:05

ನಾನು ಆಶಾ ಕಾರ್ಯಕರ್ತೆ. ನೀವು ಊರೊಳಗೇ ಇದ್ದೀರಿ ಅಕ್ಕಾ, ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ. ಹೊರರೋಗಿ ಚೀಟಿ ಮಾಡಿಸುವಾಗಲೇ "ಮಾನಸಿಕ ವಿಭಾಗ" ಅಂತ ಹೇಳಿ. ಜೋರಾಗಿ ಹೇಳೋಕೆ ಸಂಕೋಚ ಆದರೆ ಒಂದು ಕಾಗದದಲ್ಲಿ ಬರೆದು ಕೊಡಿ. ನಮ್ಮ ಹಳ್ಳಿಯ ಹೆಣ್ಣುಮಕ್ಕಳಿಗೆ ನಾನು ಹಾಗೇ ಬರೆದು ಕಳಿಸುತ್ತೇನೆ. ಬೆಳಿಗ್ಗೆ ಬೇಗ ಹೋಗಿ.

ತಾಲ್ಲೂಕಿನವರಿಗೆ ಗೊತ್ತಿರಲಿ ಅಂತ ಹೇಳುತ್ತೇನೆ. ಮನೋಚೈತನ್ಯ ಅಂತ ಒಂದು ಕಾರ್ಯಕ್ರಮ ಇದೆ. ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವುದು ಅದರ ವ್ಯವಸ್ಥೆ. ಯಾವ ಮಂಗಳವಾರ ಯಾವ ಆಸ್ಪತ್ರೆ ಅಂತ ನಿಮ್ಮ ಆಶಾ ಹತ್ತಿರ, ಇಲ್ಲವೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲೇ ಕೇಳಿಕೊಳ್ಳಿ. ಬಸ್ಸಿಗೆ ದುಡ್ಡು ಹಾಕಿ ಬಂದು ವಾಪಸ್ ಹೋಗುವುದು ಬೇಡ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ.

ನಮಗೆ ಕಾಯಿಲೆಯವರಿಗಿಂತ ಜಾಸ್ತಿ ಕಷ್ಟ ಆಗುವುದು ಅವರನ್ನು ನೋಡಿಕೊಳ್ಳುವವರನ್ನು ಮಾತಾಡಿಸುವುದು. ಬಾಗಿಲಲ್ಲೇ "ಎಲ್ಲಾ ಚೆನ್ನಾಗಿದ್ದೀವಿ" ಅಂದುಬಿಡುತ್ತಾರೆ. ನೀವು ಡಾಕ್ಟರ ಮುಂದೆ ಹಾಗನ್ನಬೇಡಿ.

ಹೆರಿಗೆ ಆದವರ ಮನೆಯವರು ಯಾರಾದರೂ ಓದುತ್ತಿದ್ದರೆ ಒಂದು ಮಾತು. ಹೆರಿಗೆಯಾದ ಮೊದಲ ದಿನಗಳಲ್ಲಿ ಅಳು ಬರುವುದು ಸಹಜ. ಎರಡು ವಾರ ಆದರೂ ನಿಲ್ಲದಿದ್ದರೆ ತೋರಿಸಿ. ನಿದ್ದೆಯೇ ಇಲ್ಲ, ಏನೇನೋ ಮಾತಾಡುತ್ತಾಳೆ, ಮಗುವಿನ ಬಗ್ಗೆ ವಿಚಿತ್ರವಾಗಿ ಹೇಳುತ್ತಾಳೆ ಅಂದರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹಿಂದಿನವರು ಬಾಣಂತಿ ಸನ್ನಿ ಅಂತಿದ್ದರಲ್ಲ, ಅದು. ಅದಕ್ಕೆ ಔಷಧಿ ಇದೆ.

ತುಂಗಭದ್ರಾ ದಂಡೆ, ಹರಿಹರ · ಸೋಮವಾರ ಸಂಜೆ 6:20

ಅಕ್ಕಾ, ಅವರು ಕುಡೀತಾರಾ? ಕೇಳಿದ್ದಕ್ಕೆ ಕ್ಷಮಿಸಿ.

ಕುಂದವಾಡ ಕೆರೆ · ಸೋಮವಾರ ರಾತ್ರಿ 8:10

ಮೊದಲು ಇರಲಿಲ್ಲ. ಈಗ ಒಂದು ತಿಂಗಳಿಂದ ಎರಡು ದಿನಕ್ಕೊಮ್ಮೆ ವಾಸನೆ ಬರುತ್ತೆ. ಅತ್ತೆಗೆ ಗೊತ್ತಿಲ್ಲ. ನಮ್ಮ ಓಣಿಯವರೊಬ್ಬರು ಒಂದು ಮಾತ್ರೆ ಹೇಳಿದ್ದಾರೆ, ಸಾರಿನಲ್ಲಿ ಬೆರೆಸಿದರೆ ಕುಡಿಯೋದು ಬಿಡ್ತಾರಂತೆ.

ತುಂಗಭದ್ರಾ ದಂಡೆ, ಹರಿಹರ · ಸೋಮವಾರ ರಾತ್ರಿ 8:25

ಬೆರೆಸಬೇಡಿ. ದಯವಿಟ್ಟು ಬೆರೆಸಬೇಡಿ.

ನಾನು ಬೆರೆಸಿದ್ದೆ. ಬೇಳೆಸಾರಿಗೆ ಪುಡಿ ಮಾಡಿ ಹಾಕಿ, ಚಮಚದಲ್ಲಿ ತಿರುಗಿಸಿ, ಏನೂ ಗೊತ್ತಿಲ್ಲದ ಹಾಗೆ ಬಡಿಸಿದೆ. ಅವತ್ತು ರಾತ್ರಿ ಅವರು ಹೊರಗೆ ಕುಡಿದು ಬಂದರು. ಮುಖ ಕೆಂಪಗಾಗಿ, ಎದೆ ಹೊಡೆದುಕೊಂಡು, ವಾಂತಿ ಮಾಡಿ ನೆಲಕ್ಕೆ ಬಿದ್ದರು. ಆಸ್ಪತ್ರೆಯಲ್ಲಿ ರಕ್ತದೊತ್ತಡ ಪೂರಾ ಇಳಿದಿದೆ ಅಂದರು. ಆ ಮಾತ್ರೆಯ ಹೆಸರು ಡೈಸಲ್ಫಿರಾಮ್. ಅದನ್ನು ಕುಡಿಯುವವರಿಗೆ ಗೊತ್ತಿದ್ದು, ಅವರು ಒಪ್ಪಿ, ಡಾಕ್ಟರು ಪರೀಕ್ಷೆ ಮಾಡಿದ ಮೇಲೆ ಕೊಡುವಂಥದ್ದು. ಗೊತ್ತಿಲ್ಲದೆ ಕೊಟ್ಟರೆ ಜೀವಕ್ಕೇ ಅಪಾಯ. ಅವರು ಉಳಿದರು. ಆದರೆ ಮುಂದೆ ಎಷ್ಟೋ ದಿನ ನಾನು ಬಡಿಸಿದ ಊಟ ಮುಟ್ಟಲಿಲ್ಲ. ಅದು ನನಗೆ ಆದ ನೋವು, ಇನ್ನೊಬ್ಬರಿಗೆ ಆಗಬಾರದು.

ಇನ್ನೊಂದು ವಿಷಯ. ವರ್ಷಗಟ್ಟಲೆ ದಿನಾ ಕುಡಿಯುವವರನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಬೇಡಿ. ಎರಡು ಮೂರು ದಿನದಲ್ಲಿ ಕೈ ನಡುಕ, ಫಿಟ್ಸ್, ಇಲ್ಲದ್ದು ಕಾಣುವುದು ಎಲ್ಲಾ ಬರಬಹುದು. ಅದನ್ನು ಆಸ್ಪತ್ರೆಯಲ್ಲಿ ಬಿಡಿಸಬೇಕು. ನಮ್ಮವರು ಒಂದು ವಾರ ವಾರ್ಡಲ್ಲಿದ್ದರು. ಆಮೇಲೆ ಕುಡಿತ ಬಿಟ್ಟವರೇ ಸೇರುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗೆ ಹೋಗಲು ಶುರು ಮಾಡಿದರು. ನಡುವೆ ಎರಡು ಸಲ ಜಾರಿದರು. ಈಗ ಒಂದು ವರ್ಷ ನಾಲ್ಕು ತಿಂಗಳು ಆಯಿತು.

ನಿಮ್ಮವರದ್ದು ಬೇಜಾರಿಗೆ ಶುರುವಾದ ಕುಡಿತ ಅನ್ನಿಸುತ್ತೆ. ಡಾಕ್ಟರಿಗೆ ಮುಚ್ಚಿಡಬೇಡಿ. ಮಾತ್ರೆ ಬರೆಯುವಾಗ ಅವರಿಗೆ ಅದು ಗೊತ್ತಿರಲೇಬೇಕು.

ಹೆಸರು ಬೇಡ · ಸೋಮವಾರ ರಾತ್ರಿ 10:55

ನಡುವೆ ಬಂದು ಕೇಳುತ್ತಿದ್ದೇನೆ. ನಮ್ಮಲ್ಲಿ ಕಾಯಿಲೆ ಅಲ್ಲ. ಹೊಡೆಯುತ್ತಾರೆ. ಆಮೇಲೆ ಕ್ಷಮೆ ಕೇಳುತ್ತಾರೆ. ಇಬ್ಬರೂ ಕೌನ್ಸೆಲಿಂಗ್‌ಗೆ ಹೋಗಿ ಅಂತ ಅಕ್ಕ ಹೇಳ್ತಿದ್ದಾಳೆ. ಚಿತ್ರದುರ್ಗ ಜಿಲ್ಲೆ.

ಕರಿಕೋಟು · ಸೋಮವಾರ ರಾತ್ರಿ 11:20

ತಂಗೀ, ಹೊಡೆತ ಇರುವ ಕಡೆ ಮೊದಲು ನಿಮ್ಮ ಜೀವ ಭದ್ರವಾಗಬೇಕು. ಇಬ್ಬರೂ ಒಟ್ಟಿಗೆ ಕೂತು ಮಾತಾಡುವುದು ಆಮೇಲಿನ ಮಾತು. ಗಂಡನ ಪಕ್ಕ ಕೂತು ಹೊಡೆದಿದ್ದನ್ನು ಹೇಳಿದರೆ ಮನೆಗೆ ಬಂದ ಮೇಲೆ ಏನಾಗುತ್ತೆ ಅಂತ ನಿಮಗೇ ಗೊತ್ತು. ನಾನು ವಕೀಲೆ, ಇಂಥ ಎಷ್ಟೋ ಕೇಸು ನೋಡಿದ್ದೇನೆ.

181 ಮಹಿಳಾ ಸಹಾಯವಾಣಿ, ದಿನವಿಡೀ ಇರುತ್ತದೆ. ಈಗಲೇ ಹೊಡೆಯುತ್ತಿದ್ದರೆ 112. ಜಿಲ್ಲೆಯಲ್ಲಿ ಸಖಿ ಕೇಂದ್ರ ಇದೆ. ಚಿಕಿತ್ಸೆ, ಪೊಲೀಸ್, ಕಾನೂನು, ಆಪ್ತಸಮಾಲೋಚನೆ ಎಲ್ಲಾ ಒಂದೇ ಕಡೆ ಸಿಗಲಿ ಅಂತ ಮಾಡಿದ್ದು. ಮನೆಗೆ ಹೋಗುವ ಹಾಗಿಲ್ಲದಿದ್ದರೆ ಐದು ದಿನದ ತನಕ ಅಲ್ಲಿ ಉಳಿಯಬಹುದು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಸಂರಕ್ಷಣಾಧಿಕಾರಿ ಅಂತ ಇರುತ್ತಾರೆ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಆ ಕೆಲಸ ಮಾಡುತ್ತಾರೆ. ಅಂಗನವಾಡಿ ಟೀಚರ್‌ಗೆ ಅವರ ಕಚೇರಿ ಗೊತ್ತಿರುತ್ತೆ, ಅಲ್ಲಿಂದ ವಿಚಾರಿಸಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಮನೆ ಗಂಡನ ಹೆಸರಲ್ಲೇ ಇದ್ದರೂ ಆ ಕಾಯ್ದೆ ನಿಮಗೆ ಅಲ್ಲಿ ವಾಸಿಸುವ ಹಕ್ಕು ಕೊಡುತ್ತದೆ. "ಆಚೆ ಹೋಗು" ಅಂದ ತಕ್ಷಣ ಹೋಗಬೇಕಾಗಿಲ್ಲ.

ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಉಂಟು. ನಂಬರ್ 15100. ಆಧಾರ್, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರ ಒಂದು ಚೀಲದಲ್ಲಿ ಹಾಕಿ ನಂಬಿಕಸ್ಥರ ಮನೆಯಲ್ಲಿ ಇಡಿ. ಇಲ್ಲಿ ಬರೆದಿದ್ದು ಅವರ ಕಣ್ಣಿಗೆ ಬೀಳದ ಹಾಗೆ ಫೋನಿನಲ್ಲಿ ಅಳಿಸಿ.

ಹೆಸರು ಬೇಡ · ಸೋಮವಾರ ರಾತ್ರಿ 11:32

ನಂಬರ್ ಬೇರೆ ಹೆಸರಲ್ಲಿ ಸೇವ್ ಮಾಡಿಕೊಂಡೆ. ಅಂಗನವಾಡಿ ಟೀಚರ್ ನನಗೆ ಪರಿಚಯ. ಥ್ಯಾಂಕ್ಸ್ ಅಕ್ಕ.

ಕುಂದವಾಡ ಕೆರೆ · ಮಂಗಳವಾರ ಬೆಳಿಗ್ಗೆ 10:15

ನಿನ್ನೆ ರಾತ್ರಿ ಕೇಳಿದೆ ಮೇಷ್ಟ್ರೇ.

ಮಕ್ಕಳು ಮಲಗಿದ ಮೇಲೆ ಒಣಗಿದ ಬಟ್ಟೆ ತರೋಕೆ ತಾರಸಿಗೆ ಹೋದೆ. ಅವರೂ ಮೇಲೆ ಇದ್ದರು. ನನಗೆ ಮುಖ ನೋಡಿ ಕೇಳುವ ಧೈರ್ಯ ಬರಲಿಲ್ಲ. ಮಗಳ ಯೂನಿಫಾರ್ಮ್ ಮಡಚುತ್ತಾ, ಬಟ್ಟೆ ನೋಡಿಕೊಂಡೇ ನೀವು ಬರೆದ ಮಾತನ್ನು ಹಾಗೇ ಕೇಳಿದೆ. ತುಂಬಾ ಹೊತ್ತು ಏನೂ ಹೇಳಲಿಲ್ಲ. ಆಮೇಲೆ "ಬೆಳಗಾಗೋದೇ ಬೇಡ ಅನ್ಸುತ್ತೆ ಕಣೇ" ಅಂದರು. ಮೂರು ತಿಂಗಳಲ್ಲಿ ಇಷ್ಟುದ್ದದ ಮಾತು ಅದೇ ಮೊದಲು. ನನ್ನ ಕೈಯಿಂದ ಕ್ಲಿಪ್ಪು ಬಿತ್ತು. ಅವರೇ ಬಗ್ಗಿ ಎತ್ತಿಕೊಟ್ಟರು.

ಅತ್ತೆಯನ್ನು ಎಬ್ಬಿಸಿ ಅವರ ಪಕ್ಕ ಕೂರಿಸಿ, ಅಡುಗೆಮನೆಯಿಂದ 14416ಕ್ಕೆ ಫೋನ್ ಮಾಡಿದೆ. ಮೊದಲು ಭಾಷೆ ಆರಿಸೋಕೆ ಹೇಳಿತು. ಕನ್ನಡ ಒತ್ತಿದೆ. ಒಬ್ಬ ಹೆಣ್ಣುಮಗಳು ಮಾತಾಡಿದರು. ಅವಸರ ಮಾಡಲಿಲ್ಲ. ಅವರ ಜೊತೆ ಈಗ ಯಾರಿದ್ದಾರೆ, ಮನೆಯಲ್ಲಿ ಅಪಾಯದ ವಸ್ತು ಏನೇನಿದೆ ಅಂತೆಲ್ಲಾ ಕೇಳಿದರು. ಕೊನೆಗೆ "ನೀವು ಊಟ ಮಾಡಿದ್ರಾ?" ಅಂದರು. ನಾನು ಮಾಡಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

ಬೆಳಿಗ್ಗೆಯೇ ಆಸ್ಪತ್ರೆಗೆ ಹೋಗಿ ಅಂದಿದ್ದಾರೆ. ಹೊರಟಿದ್ದೆವು. ಆದರೆ ಅತ್ತೆ ಬಾಗಿಲಲ್ಲಿ ನಿಂತು, ಆಸ್ಪತ್ರೆಯಲ್ಲಿ ಹೇಳಿದರೆ ಪೊಲೀಸ್ ಕೇಸ್ ಆಗುತ್ತೆ, ಮಗನಿಗೆ ಹುಚ್ಚ ಅಂತ ಹೆಸರು ಬರುತ್ತೆ, ನಾಳೆ ಮೊಮ್ಮಗಳನ್ನ ಯಾರು ಮದುವೆ ಆಗ್ತಾರೆ ಅಂತ ಅಳುತ್ತಿದ್ದಾರೆ. ಏನು ಹೇಳಲಿ?

ಕರಿಕೋಟು · ಮಂಗಳವಾರ ಬೆಳಿಗ್ಗೆ 10:21

ಕೇಸ್ ಆಗುವುದಿಲ್ಲ. ಇಂಥ ಯೋಚನೆ ಬರುವುದು ಯಾವತ್ತೂ ಅಪರಾಧ ಅಲ್ಲ. ಪ್ರಯತ್ನ ಮಾಡಿದವರನ್ನೂ ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡಬೇಕು, ಶಿಕ್ಷೆ ಕೊಡಬಾರದು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಮು ಹೇಳುತ್ತದೆ. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ. ಪ್ರಯತ್ನಕ್ಕೆ ಶಿಕ್ಷೆ ಅನ್ನುತ್ತಿದ್ದ ಹಳೇ ದಂಡ ಸಂಹಿತೆಯ 309ನೇ ಕಲಮು 2024ರ ಜುಲೈ 1ರಿಂದ ಬಂದ ಹೊಸ ನ್ಯಾಯ ಸಂಹಿತೆಯಲ್ಲಿ ಇಲ್ಲ. ಡಾಕ್ಟರಿಗೆ ಹೇಳಿದ್ದನ್ನು ಗುಟ್ಟಾಗಿ ಇಡಬೇಕು ಅಂತಲೂ ಆ ಕಾಯ್ದೆಯಲ್ಲೇ ಇದೆ. ಅತ್ತೆಯವರಿಗೆ ಇಷ್ಟೇ ಹೇಳಿ: ಪೊಲೀಸರಿಗೂ ಇದಕ್ಕೂ ಸಂಬಂಧ ಇಲ್ಲಮ್ಮ.

ದುರ್ಗದ ಅಜ್ಜಿ · ಮಂಗಳವಾರ ಬೆಳಿಗ್ಗೆ 10:34

(ಅಜ್ಜಿ ಹೇಳ್ತಿದ್ದಾರೆ, ನಾನು ಮೊಮ್ಮಗಳು ಟೈಪ್ ಮಾಡ್ತಿದ್ದೀನಿ.)

ಮಗಾ, ನಿಮ್ಮತ್ತೆ ಮೇಲೆ ಸಿಟ್ಟು ಮಾಡಬ್ಯಾಡ. ನಾನೂ ಅದೇ ಮಾಡಿದೋಳು. ನನ್ನ ದೊಡ್ಡ ಮಗನಿಗೆ ಹಿಂಗಾದಾಗ ಹತ್ತು ದೇವರಿಗೆ ಹರಕೆ ಹೊತ್ತೆ, ಎಂಟು ತಿಂಗಳು ಅಲೆದೆ. ಸೊಸೆ ಆಸ್ಪತ್ರೆ ಅಂದಳು, ನಾನು ಬ್ಯಾಡ ಅಂದೆ. ಅವಳ ಮೇಲೆ ಹಗೆ ಇರಲಿಲ್ಲ. ನಾನು ಹೆತ್ತ ಮಗ ಹಿಂಗಾದ ಅಂದ್ರೆ ತಪ್ಪು ನಂದೇ ಏನೋ ಅಂತ ಹೆದರಿಕೆ. ಗಾಳಿ ಸೋಕಿದೆ ಅಂದ್ರೆ ತಪ್ಪು ಗಾಳಿದಾಗುತ್ತೆ, ನಂದಾಗಲ್ಲ.

ತಾಯತ ಬಿಚ್ಚು ಅನ್ನಬ್ಯಾಡ. ಅದು ಇರಲಿ, ಮಾತ್ರೇನೂ ಇರಲಿ. "ಅತ್ತೆ, ನೀವಿಲ್ಲದೆ ನನ್ನ ಕೈಲಿ ಆಗಲ್ಲ, ನೀವೂ ಬರ್ರಿ" ಅನ್ನು. ಅವಳನ್ನ ಮನೇಲಿ ಬಿಟ್ಟು ಹೋದ್ರೆ ನೀನು ಬರೋದ್ರೊಳಗೆ ಮತ್ತೊಂದು ಹರಕೆ ಹೊತ್ತಿರ್ತಾಳೆ. ಆಟೋದಾಗೆ ಮಗನ ಪಕ್ಕ ಅವಳನ್ನೇ ಕೂರಿಸು.

ಕುಂದವಾಡ ಕೆರೆ · ಮಂಗಳವಾರ ರಾತ್ರಿ 9:45

ಅಜ್ಜಿ ಹೇಳಿದ ಮಾತನ್ನೇ ಹೇಳಿದೆ. ಅತ್ತೆ ಸೀರೆ ಬದಲಾಯಿಸಿಕೊಂಡು ಬಂದರು.

ಚಿಗಟೇರಿಯಲ್ಲಿ ಚೀಟಿಗೆ ಸಾಲು ಇತ್ತು, ಒಂದೂವರೆ ಗಂಟೆ ಕಾದೆವು. ಆಶಾ ಅಕ್ಕ ಹೇಳಿದ ಹಾಗೆ ಕಾಗದ ಕೊಟ್ಟೆ. ಒಳಗೆ ಚಿಕ್ಕ ವಯಸ್ಸಿನ ಡಾಕ್ಟರು. ಮೊದಲು ಇವರನ್ನೇ ಮಾತಾಡಿಸಿದರು. ನಿದ್ದೆ, ಊಟ, ತೂಕ, ಕುಡಿತ ಎಲ್ಲಾ. ಇವರು ಕುಡಿತದ ವಿಷಯ ತಾವೇ ಹೇಳಿದರು, ಅತ್ತೆ ಮುಂದೆಯೇ. "ಮೂರಕ್ಕೆ ಎದ್ದ ಮೇಲೆ ಮೆಟ್ಟಿಲ ಮೇಲೆ ಕೂತು ಏನು ಯೋಚನೆ ಬರುತ್ತೆ?" ಅಂತ ಕೇಳಿದರು. ದಿನಾ ಎದ್ದು ನೋಡುತ್ತಿದ್ದ ನನಗೇ ಅದನ್ನು ಕೇಳಬೇಕು ಅಂತ ಹೊಳೆದಿರಲಿಲ್ಲ. ಇವರು ಲೆಕ್ಕ ಅಂದರು. ಯಾರಿಗೆ ಎಷ್ಟು ಕೊಡಬೇಕು ಅಂತ ಬೆಳಗಾಗುವ ತನಕ ಕೂಡಿಸುತ್ತಾರಂತೆ, ಪ್ರತಿ ಸಲ ಬೇರೆ ಮೊತ್ತ ಬರುತ್ತಂತೆ.

ಮನೆಯಲ್ಲಿ ಇನ್ಯಾರಿಗಾದರೂ ಹೀಗಾಗಿತ್ತಾ ಅಂತ ಕೇಳಿದಾಗ ಅತ್ತೆ ಸೆರಗು ಬಾಯಿಗೆ ಇಟ್ಟುಕೊಂಡು, "ಇವರಪ್ಪನೂ ಹಿಂಗೇ ಮೆಟ್ಟಿಲ ಮೇಲೆ ಕೂರೋರು" ಅಂದರು. ಮಾವ ತೀರಿಕೊಂಡು ಹದಿನಾರು ವರ್ಷ ಆಯಿತು. ಇವರು ತಿರುಗಿ ಅವರಮ್ಮನ ಮುಖ ನೋಡಿದರು.

ಖಿನ್ನತೆ, ಸ್ವಲ್ಪ ಜಾಸ್ತಿಯೇ ಇದೆ ಅಂದರು. ವಾರ್ಡಿಗೆ ಸೇರಿಸಬಹುದು, ಇಲ್ಲವೇ ಒಬ್ಬರಾದರೂ ಸದಾ ಜೊತೆ ಇರುವುದಾದರೆ ಮನೆಗೆ ಕಳಿಸುತ್ತೇವೆ, ವಾರಕ್ಕೆ ಬರಬೇಕು ಅಂದರು. ಅತ್ತೆ "ನಾನಿರ್ತೀನಿ" ಅಂದರು. ರಕ್ತ ಕೊಟ್ಟು ಬಂದೆವು. ಮಾತ್ರೆ ನನ್ನ ಹತ್ತಿರ ಇರಬೇಕು, ದಿನದ್ದು ದಿನಕ್ಕೆ ಕೊಡಬೇಕಂತೆ. ನನ್ನನ್ನು ಬೇರೆ ಕೋಣೆಯಲ್ಲಿ ಒಬ್ಬ ಮೇಡಂ ಮಾತಾಡಿಸಿದರು. ಅರ್ಧ ಗಂಟೆ ನಾನು ಅತ್ತಿದ್ದೇ ಆಯಿತು. ಮುಂದಿನ ವಾರ ನನಗೂ ಸಮಯ ಕೊಟ್ಟಿದ್ದಾರೆ.

ನಿವೃತ್ತ ಮೇಷ್ಟ್ರು, ವಿದ್ಯಾನಗರ · ಬುಧವಾರ ಬೆಳಿಗ್ಗೆ 5:40

ಓದಿ ಕಣ್ಣು ತುಂಬಿತು. ಸಾಲದ ಲೆಕ್ಕವೂ ಈಗ ಯಾರಾದರೂ ಹೊರಬೇಕು, ಇಲ್ಲದಿದ್ದರೆ ಮೂರು ಗಂಟೆಯ ಲೆಕ್ಕ ನಿಲ್ಲುವುದಿಲ್ಲ. ನಿಮ್ಮಣ್ಣನಿಗೆ ಈ ಕೆಲಸ ಕೊಡಿ. "ಮನೆಗೆ ಬಾ" ಅನ್ನುವ ಬದಲು ಒಂದು ನೋಟ್‌ಬುಕ್ ತಗೊಂಡು ಬರಲಿ, ಯಾರಿಗೆ ಎಷ್ಟು ಅಂತ ಒಂದೇ ಸಲ ಬರೆಯಲಿ. ಬರೆದಿಟ್ಟ ಮೊತ್ತ ಬದಲಾಗುವುದಿಲ್ಲ. ಪಾಲುದಾರರ ವಿಷಯಕ್ಕೆ ಕೋರ್ಟಿನಲ್ಲಿರುವ ಕಾನೂನು ಸೇವಾ ಪ್ರಾಧಿಕಾರದಲ್ಲಿ ದಾವೆಗೆ ಮುಂಚೆಯೇ ರಾಜಿಗೆ ಅರ್ಜಿ ಕೊಡಬಹುದು. ನಮ್ಮ ಕಡೆಯ ಎಷ್ಟೋ ಜನ ಸಿರಿಗೆರೆ ಮಠದಲ್ಲಿ ಸೋಮವಾರ ನಡೆಯುವ ನ್ಯಾಯಪೀಠಕ್ಕೂ ಇಂಥ ವ್ಯಾಜ್ಯ ತಗೊಂಡು ಹೋಗುತ್ತಾರೆ. ದುಡ್ಡಿನ ಜಗಳಕ್ಕೆ ಹಿರಿಯರು ಬೇಕು, ಕಾಯಿಲೆಗೆ ಡಾಕ್ಟರು ಬೇಕು. ನಿಮ್ಮ ಮನೆಗೆ ಬಂದ ಹಿರಿಯರು ಇವೆರಡನ್ನೂ ಕಲಸಿಬಿಟ್ಟರು.

ಹಳೇ ಮೇಷ್ಟ್ರಾದ್ದರಿಂದ ಒಂದು ಮಾತು ಸೇರಿಸುತ್ತೇನೆ. ಜಿಲ್ಲೆಯಲ್ಲೇ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡಬಹುದು ಅಂತ ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಮಾಡಿ ತೋರಿಸಿದ್ದು ನಮ್ಮ ಪಕ್ಕದ ಬಳ್ಳಾರಿಯಲ್ಲಿ. ಅದನ್ನು ನೋಡಿಯೇ 1996ರಲ್ಲಿ ದೇಶಕ್ಕೆಲ್ಲಾ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಈ ಸೀಮೆಯ ಜನರಿಗೇ ಅದು ಗೊತ್ತಿಲ್ಲದೆ ಅಲೆಯುವುದು ನೋಡಿದರೆ ಸಂಕಟವಾಗುತ್ತದೆ.

ಜಗಳೂರು ಬೆದ್ದಲು · ಬುಧವಾರ ರಾತ್ರಿ 10:30

ಆಶಾ ತಂಗಿ, ಆ ಮಂಗಳವಾರದ್ದು ಜಗಳೂರಲ್ಲೂ ಇರುತ್ತಾ? ನಮ್ಮ ಮನೆಯಲ್ಲೂ ಒಬ್ಬರಿದ್ದಾರೆ. ಕೆಲಸಕ್ಕೆ ಹಚ್ಚಿ ನೋಡಿಯಾಯಿತು.

ಚನ್ನಗಿರಿ ಆಶಾ · ಗುರುವಾರ ಬೆಳಿಗ್ಗೆ 6:45

ತಾಲ್ಲೂಕು ಆಸ್ಪತ್ರೆಯಲ್ಲಿ ದಿನ ವಿಚಾರಿಸಿ ಅಣ್ಣಾ. ನಿಮ್ಮೂರಿನ ಆಶಾಗೆ ಹೇಳಿದರೆ ಅವರೇ ಕೇಳಿ ತಿಳಿಸುತ್ತಾರೆ, ಜೊತೆಗೂ ಬರುತ್ತಾರೆ. ಮಂಗಳವಾರದ ತನಕ ಕಾಯೋಕೆ ಆಗದ ಸ್ಥಿತಿ ಇದ್ದರೆ ಕಾಯಬೇಡಿ, ನೇರ ದಾವಣಗೆರೆಗೆ ಬನ್ನಿ. ಇವತ್ತು ರಾತ್ರಿಯೇ 14416ಕ್ಕೆ ಫೋನ್ ಮಾಡಿ. ಅವರು ಮಾತಾಡದಿದ್ದರೆ ನೀವು ಮಾತಾಡಿ.

ಕುಂದವಾಡ ಕೆರೆ · ಐದು ವಾರದ ನಂತರ, ಶುಕ್ರವಾರ ಸಂಜೆ 7:00

ಎಲ್ಲರಿಗೂ ನಮಸ್ಕಾರ. ಪೂರ್ತಿ ಹುಷಾರು ಅಂತ ಹೇಳಲಾರೆ. ಎರಡನೇ ವಾರ ತುಂಬಾ ಕಷ್ಟ ಇತ್ತು, ಮತ್ತೆ ಎಸೆಯುತ್ತಾರೇನೋ ಅಂದುಕೊಂಡೆ. ಹೊಳಲ್ಕೆರೆ ತಮ್ಮ ಬರೆದಿದ್ದನ್ನು ಓದಿ ಹೇಳಿದೆ, "ಇನ್ನೊಂದು ವಾರ ನೋಡೋಣ" ಅಂದರು. ಈಗ ಐದರ ತನಕ ನಿದ್ದೆ ಬರುತ್ತೆ. ಕುಡಿದು ಇಪ್ಪತ್ತು ದಿನದ ಮೇಲಾಯಿತು. ಅಣ್ಣ ನೋಟ್‌ಬುಕ್ ತಗೊಂಡು ಬಂದ. ಮೊದಲ ದಿನ ಇವರು ದೂರ ಕೂತಿದ್ದರು. ಮೂರನೇ ಸಲ ಬಂದಾಗ "ಆ ಮೊತ್ತ ತಪ್ಪು, ಏಳು ಸಾವಿರ ಕೊಟ್ಟಾಗಿದೆ" ಅಂತ ತಿದ್ದಿದರು. ನಾನು ಮೇಡಂ ಹತ್ತಿರ ಮೂರು ಸಲ ಹೋಗಿ ಬಂದೆ. ನಲ್ಲಿ ಬಿಟ್ಟುಕೊಳ್ಳದೆ ಅಳೋಕೆ ಅಲ್ಲೊಂದು ಜಾಗ ಸಿಕ್ಕಿದೆ.

ಆಶಾ ಅಕ್ಕಾ, ಒಂದು ಕೇಳಬೇಕಿತ್ತು. ಮುಂದಿನ ತಾರೀಕು ಹಬ್ಬದ ದಿನವೇ ಬಂದಿದೆ. ಅವತ್ತು ಹೊರರೋಗಿ ವಿಭಾಗ ಇರುತ್ತಾ? ಮಾತ್ರೆ ಸರಿಯಾಗಿ ಆ ದಿನಕ್ಕೇ ಮುಗಿಯುತ್ತೆ.

ಚನ್ನಗಿರಿ ಆಶಾ · ಶುಕ್ರವಾರ ರಾತ್ರಿ 8:15

ಸರ್ಕಾರಿ ರಜೆ ಇದ್ದರೆ ಹೊರರೋಗಿ ವಿಭಾಗ ಇರಲ್ಲ ಅಕ್ಕಾ, ತುರ್ತು ಚಿಕಿತ್ಸೆ ಮಾತ್ರ ಇರುತ್ತೆ. ಎರಡು ದಿನ ಮುಂಚೆಯೇ ಹೋಗಿಬಿಡಿ. ಹಳೇ ಚೀಟಿ, ಮಾತ್ರೆಯ ಖಾಲಿ ಪಟ್ಟಿ, ರಕ್ತ ಪರೀಕ್ಷೆಯ ಕಾಗದ ಮೂರೂ ಒಂದೇ ಕವರಿನಲ್ಲಿ ಇರಲಿ. ಅತ್ತೆಯವರನ್ನೂ ಕರೆದುಕೊಂಡು ಹೋಗಿ.